ಬಿ ಫಾರಂ ಕೊಡಬೇಕಾದವರು ನಾವು, ಫೋನೆತ್ತಿದ ನಾನೂರು ಮಂದಿಯಲ್ಲ

ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷರಿಗೆ ಮತ್ತು ಸದಸ್ಯರಿಗೆ,
ವಾಷಿಂಗ್ಟನ್ ಡಿ.ಸಿ.



ನಾನು ನ್ಯೂಜೆರ್ಸಿ ರಾಜ್ಯದ ಎಡಿಸನ್‌ನಲ್ಲಿರುವ ಒಬ್ಬ ಮತದಾರಳು. ಹುಟ್ಟಿ ಬೆಳೆದದ್ದು ಕರ್ನಾಟಕದ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ. ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಔಷಧ ಕಂಪನಿಯೊಂದರಲ್ಲಿ, ಹೊಸ ಔಷಧಗಳ ಪ್ರಯೋಗದ ಅಂಕಿಅಂಶ ನೋಡುವ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. 2015ರಲ್ಲಿ ಪೌರತ್ವದ ಪ್ರಮಾಣವಚನ ತೆಗೆದುಕೊಂಡ ವಾರವೇ ಮತದಾರರ ಪಟ್ಟಿಗೆ ಹೆಸರು ಸೇರಿಸಿದೆ. ಯಾವ ಪಕ್ಷ ಎಂದು ಕೇಳುವ ಜಾಗದಲ್ಲಿ ನಿಮ್ಮ ಪಕ್ಷದ ಹೆಸರನ್ನು ಬರೆದೆ. ಆ ಹಕ್ಕಿನಿಂದ ಈ ಪತ್ರ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದಕ್ಕೆ ಕಾರಣ, ಈ ದೇಶದಲ್ಲಿ ಓಟು ಹಾಕುವ ಸಾವಿರಾರು ಕನ್ನಡಿಗರೂ ಇದನ್ನು ಓದಬೇಕು ಎಂಬುದು.

2028ರ ಅಧ್ಯಕ್ಷೀಯ ಚುನಾವಣೆಗೆ ಯಾವ ರಾಜ್ಯ ಮೊದಲು ಮತ ಹಾಕಬೇಕು ಎಂಬ ಚರ್ಚೆಯನ್ನು ನಿಮ್ಮ ನಿಯಮಾವಳಿ ಸಮಿತಿ ಕೈಗೆತ್ತಿಕೊಂಡಿದೆ. ಪತ್ರಿಕೆ, ಟಿವಿಗಳಲ್ಲಿ ಆಗಲೇ ಸಮೀಕ್ಷೆಗಳು ಬರತೊಡಗಿವೆ. ಸಂಭಾವ್ಯ ಅಭ್ಯರ್ಥಿಗಳಲ್ಲಿ ನ್ಯೂಸಮ್ ಅವರಿಗೆ ಇಷ್ಟು, ಬುಟಿಜೆಜ್ ಅವರಿಗೆ ಇಷ್ಟು, ಹ್ಯಾರಿಸ್ ಅವರಿಗೆ ಇಷ್ಟು ಎಂದು ಪಟ್ಟಿ ಹಾಕಲಾಗುತ್ತಿದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಎಂದು ನಮ್ಮಲ್ಲಿ ಗಾದೆಯಿದೆ. ಕುಲಾವಿ ಹೊಲಿಸುವವರು ಹೊಲಿಸಲಿ, ಅದು ಅವರ ಸ್ವಾತಂತ್ರ್ಯ. ನನ್ನ ತಕರಾರು ನಿಮ್ಮ ಮೇಲೆ. ಯಾರ ತಲೆಗೆ ಆ ಕುಲಾವಿ ಹೊಂದುತ್ತದೋ ಅವರನ್ನು ಮಾತ್ರ ಡಿಬೇಟ್ ವೇದಿಕೆಗೆ ಹತ್ತಿಸುವ ನಿಯಮವನ್ನು ನೀವು 2019ರಲ್ಲಿ ಮಾಡಿದಿರಿ. ಅದನ್ನು 2028ಕ್ಕೆ ಮತ್ತೆ ತರಬೇಡಿ ಎಂದು ಕೇಳಲು ಈ ಪತ್ರ.

ನಾನು ಹುಟ್ಟಿದ ನಾಡಿನ ಒಂದು ಮಾತು ಹೇಳದೆ ನನ್ನ ನೋವು ನಿಮಗೆ ಅರ್ಥವಾಗುವುದಿಲ್ಲ. ಕರ್ನಾಟಕದಲ್ಲಿ ಚುನಾವಣೆ ಬಂತೆಂದರೆ ಮೊದಲು ಏಳುವ ಪ್ರಶ್ನೆ, ಟಿಕೆಟ್ ಯಾರಿಗೆ ಎಂಬುದು. ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತೋರಿಸುವ ಕಾಗದಕ್ಕೆ ಬಿ ಫಾರಂ ಎನ್ನುತ್ತೇವೆ. ಅದನ್ನು ಕೊಡುವುದು ಹೈಕಮಾಂಡ್. ಊರಿನವರು ಯಾರನ್ನು ಬಯಸುತ್ತಾರೆ ಎಂದು ಊರಿನವರನ್ನು ಸಾಲು ನಿಲ್ಲಿಸಿ ಕೇಳುವ ಪದ್ಧತಿ ಇಲ್ಲ. ಟಿಕೆಟ್ ಸಿಗದವರು ಕಾರಣ ಕೇಳಿದರೆ ‘ಸರ್ವೆಯಲ್ಲಿ ನಿಮ್ಮ ಹೆಸರು ಬಂದಿಲ್ಲ’ ಎಂಬ ಉತ್ತರ ಬರುತ್ತದೆ. ಆ ಸರ್ವೆ ಯಾರು ಮಾಡಿದರು, ಎಷ್ಟು ಮಂದಿಯನ್ನು ಕೇಳಿದರು, ಏನೆಂದು ಕೇಳಿದರು ಎಂಬುದನ್ನು ಮತದಾರ ಎಂದೂ ಕಾಣುವುದಿಲ್ಲ. ಎಲ್ಲ ಪಕ್ಷಗಳದ್ದೂ ಅದೇ ಕಥೆ.

ಅಂಥ ಕಡೆಯಿಂದ ಬಂದ ನನಗೆ ಪ್ರೈಮರಿ ಎಂಬ ವ್ಯವಸ್ಥೆ ಹಬ್ಬದ ಹಾಗೆ ಕಂಡಿತ್ತು. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಸಾಮಾನ್ಯ ಮತದಾರ ಮತಗಟ್ಟೆಗೆ ಹೋಗಿ ಹೇಳುತ್ತಾನೆ, ಬಿ ಫಾರಂ ನನ್ನ ಕೈಯಲ್ಲಿದೆ ಎಂಬುದು ಸಣ್ಣ ಮಾತಲ್ಲ. ಇದು ನಿಮ್ಮ ಪಕ್ಷಕ್ಕೆ ಸುಮ್ಮನೆ ದಕ್ಕಿದ್ದೂ ಅಲ್ಲ. 1968ರಲ್ಲಿ ಒಂದೇ ಒಂದು ಪ್ರೈಮರಿಗೆ ನಿಲ್ಲದ ಹ್ಯೂಬರ್ಟ್ ಹಂಫ್ರಿ ಅವರನ್ನು ಶಿಕಾಗೊ ಸಮಾವೇಶದಲ್ಲಿ ನಾಯಕರೇ ಸೇರಿ ಅಭ್ಯರ್ಥಿ ಮಾಡಿದರು. ಒಳಗೆ ಆ ಆಯ್ಕೆ ನಡೆಯುವಾಗ ಹೊರಗಿನ ಬೀದಿಗಳಲ್ಲಿ ಪ್ರತಿಭಟನೆಗಿಳಿದ ಯುವಕರು ಪೊಲೀಸರ ಲಾಠಿಯೇಟು ತಿನ್ನುತ್ತಿದ್ದರು. ಆ ಅವಮಾನದಿಂದ ಮೆಕ್‌ಗವರ್ನ್–ಫ್ರೇಸರ್ ಆಯೋಗ ಹುಟ್ಟಿತು. ಅದರ ಶಿಫಾರಸುಗಳಿಂದಾಗಿ 1972ರಿಂದ ಆಯ್ಕೆಯ ಅಧಿಕಾರ ನಾಯಕರ ಕೋಣೆಯಿಂದ ಮತದಾರರ ಕೈಗೆ ಬಂತು. ನಿಮ್ಮ ಹಿರಿಯರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದು ದೊಡ್ಡದು.

ನನ್ನ ಮೊದಲ ಪ್ರೈಮರಿ 2016ರ ಜೂನ್ 7ರಂದು. ಹೊಸ ಸೀರೆ ಉಟ್ಟು ಹೋಗಬೇಕೆಂದು ಹಿಂದಿನ ದಿನವೇ ತೆಗೆದಿಟ್ಟಿದ್ದೆ. ಅಂದು ರಾತ್ರಿ ಟಿವಿಯಲ್ಲಿ ಸುದ್ದಿ ಬಂತು. ಸೂಪರ್ ಡೆಲಿಗೇಟ್‌ಗಳನ್ನು (ಅಂದರೆ ಸಮಾವೇಶದಲ್ಲಿ ತಮ್ಮಿಷ್ಟದವರಿಗೆ ಮತ ಹಾಕಬಹುದಾದ ಪಕ್ಷದ ನಾಯಕರನ್ನು) ಒಬ್ಬೊಬ್ಬರಾಗಿ ಕೇಳಿ ಲೆಕ್ಕ ಹಾಕಿದ ಅಸೋಸಿಯೇಟೆಡ್ ಪ್ರೆಸ್, ಹಿಲರಿ ಕ್ಲಿಂಟನ್ ಅವರಿಗೆ ಬೇಕಾದಷ್ಟು ಬಲ ಸಿಕ್ಕಿತು ಎಂದು ಜೂನ್ 6ರ ಸಂಜೆಯೇ ಘೋಷಿಸಿತ್ತು. ನ್ಯೂಜೆರ್ಸಿ ಮತ್ತು ಕ್ಯಾಲಿಫೋರ್ನಿಯಾದ ಜನ ಮರುದಿನ ಮತ ಹಾಕುವವರಿದ್ದರು. ನಾನು ಹೋದೆ, ಮತ ಹಾಕಿದೆ, ಮನೆಗೆ ಬಂದೆ. ಮದುವೆ ಮುಗಿದ ಮೇಲೆ ಅಕ್ಷತೆ ಹಾಕಿದ ಹಾಗಾಯಿತು. ಜನರ ಸಿಟ್ಟು ಆಗ ನಿಮ್ಮವರೆಗೆ ಮುಟ್ಟಿತು. 2018ರ ಆಗಸ್ಟ್‌ನಲ್ಲಿ ಸೂಪರ್ ಡೆಲಿಗೇಟ್‌ಗಳು ಪೈಪೋಟಿಯಿರುವ ಸಮಾವೇಶದ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ ಎಂದು ನಿಯಮ ಬದಲಿಸಿದಿರಿ. ಮತದಾರ ಕೂಗಿದರೆ ಈ ಸಮಿತಿ ಕೇಳಿಸಿಕೊಳ್ಳುತ್ತದೆ ಎಂಬ ಭರವಸೆ ನನಗೆ ಬಂದದ್ದು ಅಲ್ಲಿಂದ.

ಆದರೆ ಒಂದು ಬಾಗಿಲಿನಿಂದ ಹೊರಹಾಕಿದ್ದನ್ನು ಮರುವರ್ಷವೇ ಇನ್ನೊಂದು ಬಾಗಿಲಿನಿಂದ ಒಳಗೆ ಬಿಟ್ಟಿರಿ. 2019ರ ಜೂನ್‌ನಲ್ಲಿ ಮಯಾಮಿಯ ಮೊದಲ ಡಿಬೇಟ್‌ಗೆ ಮೂರು ಸಮೀಕ್ಷೆಗಳಲ್ಲಿ ಶೇ. 1 ಅಥವಾ 65,000 ಮಂದಿಯ ದೇಣಿಗೆ ಇದ್ದರೆ ಸಾಕಿತ್ತು. ಇಪ್ಪತ್ತು ಮಂದಿ ಎರಡು ರಾತ್ರಿ ಹಂಚಿಕೊಂಡು ಮಾತನಾಡಿದರು. ಸೆಪ್ಟೆಂಬರ್‌ನ ಹೂಸ್ಟನ್ ಡಿಬೇಟ್ ಹೊತ್ತಿಗೆ ‘ಅಥವಾ’ ಹೋಗಿ ‘ಮತ್ತು’ ಬಂತು: ನಾಲ್ಕು ಸಮೀಕ್ಷೆಗಳಲ್ಲಿ ಶೇ. 2, ಅದರ ಜೊತೆಗೆ 1,30,000 ದಾನಿಗಳು. ನವೆಂಬರ್‌ಗೆ ಶೇ. 3. ಡಿಸೆಂಬರ್‌ಗೆ ಶೇ. 4 ಮತ್ತು ಎರಡು ಲಕ್ಷ ದಾನಿಗಳು. ಜನವರಿಗೆ ಶೇ. 5. ಅಯೋವಾ ರಾಜ್ಯದ ಜನ ಮೊದಲ ಮತ ಹಾಕಿದ್ದು 2020ರ ಫೆಬ್ರವರಿ 3ರಂದು. ಅಂದರೆ ಒಬ್ಬನೇ ಒಬ್ಬ ಮತದಾರ ಬಾಯಿ ಬಿಡುವ ಮುನ್ನ ನೀವು ಐದು ಸಲ ಜರಡಿ ಹಿಡಿದಿದ್ದಿರಿ.

ಆ ನವೆಂಬರ್‌ನ ಒಂದು ಸಂಜೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲಿನ ಹೈಸ್ಕೂಲೊಂದರ ಕೆಫೆಟೇರಿಯಾದಲ್ಲಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಮಕ್ಕಳ ಕೋಲಾಟ ಮುಗಿದು ಊಟಕ್ಕೆ ಸಾಲು ನಿಂತಿತ್ತು. ಬಿಸಿಬೇಳೆಬಾತ್, ಮೊಸರನ್ನ, ಒಂದು ತುಂಡು ಹೋಳಿಗೆ. ಕಾಗದದ ತಟ್ಟೆ ಹಿಡಿದು ಉದ್ದನೆಯ ಮೇಜಿಗೆ ಕುಳಿತವರ ನಡುವೆ ಪ್ರೈಮರಿಯ ಮಾತು ಎದ್ದಿತು. ಮೈಸೂರಿನ ಹಿರಿಯರೊಬ್ಬರು ಹೇಳಿದರು: “ನಂಗಂತೂ ಕೋರಿ ಬೂಕರ್ ಇಷ್ಟ ರೀ. ನಮ್ಮ ಸೆನೆಟರು. ನ್ಯೂಅರ್ಕ್‌ನಲ್ಲಿ ಮೇಯರ್ ಆಗಿದ್ದಾಗಿಂದ ನೋಡಿದೀನಿ. ಆದ್ರೆ ಎರಡೇ ಪರ್ಸೆಂಟು. ಓಟು ವೇಸ್ಟ್ ಆಗತ್ತೆ.”

ಎದುರಿಗೆ ಕುಳಿತಿದ್ದ ದಾವಣಗೆರೆ ಕಡೆಯ ಹುಡುಗಿ, ಕಾಲೇಜು ಓದುವವಳು, ಚಮಚ ಕೆಳಗಿಟ್ಟಳು. “ಅಂಕಲ್, ಎರಡು ಪರ್ಸೆಂಟು ಅಂತ ನೀವು ಬಿಡ್ತೀರಿ. ನೀವು ಬಿಡ್ತೀರಿ ಅಂತ ಅದು ಎರಡೇ ಇರುತ್ತೆ.”

“ಹಂಗಲ್ಲಮ್ಮ, ಗೆಲ್ಲೋರಿಗೆ ಹಾಕ್ಬೇಕಲ್ವಾ?”

“ಗೆಲ್ಲೋರು ಯಾರು ಅಂತ ಹೇಳ್ದೋರು ಯಾರು ಅಂಕಲ್? ನೀವಿನ್ನೂ ಓಟೇ ಹಾಕಿಲ್ಲ. ಯಾರೂ ಹಾಕಿಲ್ಲ.”

ಮೇಜು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಮಾತು ಮುಂದುವರಿಯಿತು, ಕಮಲಾ ಹ್ಯಾರಿಸ್ ಬೇಸಿಗೆಯಲ್ಲಿ ಎಷ್ಟಿದ್ದರು, ಈಗ ಎಷ್ಟಕ್ಕೆ ಇಳಿದರು, ವಾರನ್ ಮೇಲೆ ಹೋದರೋ ಕೆಳಗೆ ಬಂದರೋ ಎಂದು. ಸುಮಾರು ಮುಕ್ಕಾಲು ಗಂಟೆ ನಡೆದ ಆ ವಾದದಲ್ಲಿ ಗ್ರೀನ್ ಕಾರ್ಡ್ ಸಾಲಿನ ಬಗ್ಗೆ ಯಾವ ಅಭ್ಯರ್ಥಿ ಏನು ಹೇಳಿದ್ದಾರೆ, ಔಷಧದ ಬೆಲೆ ಬಗ್ಗೆ ಯಾರ ಯೋಜನೆ ಏನು, ಕಾಲೇಜು ಸಾಲ ತೀರಿಸುವವರಿಗೆ ಯಾರು ಏನು ಮಾಡುತ್ತಾರೆ ಎಂಬ ಒಂದು ಮಾತೂ ಬರಲಿಲ್ಲ. ಆ ಮೇಜಿನಲ್ಲಿ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದವರಿದ್ದರು, ಇನ್ಸುಲಿನ್ ಚುಚ್ಚಿಕೊಂಡೇ ಊಟಕ್ಕೆ ಕುಳಿತವರಿದ್ದರು, ಸಾಲ ಮಾಡಿ ಓದುತ್ತಿದ್ದ ಆ ಹುಡುಗಿ ಇದ್ದಳು. ಎಲ್ಲರೂ ಒಳ್ಳೆಯ, ತಿಳಿದ ಜನ. ಅವರ ಮಾತನ್ನೆಲ್ಲ ನುಂಗಿದ್ದು ಆ ಪರ್ಸೆಂಟು. ನೀವೇ ಅದನ್ನು ಒಳಗೆ ಹೋಗುವ ಟಿಕೆಟ್ ಮಾಡಿದ ಮೇಲೆ ಜನ ಬೇರೇನು ಮಾತನಾಡಬೇಕು?

ಕೋರಿ ಬೂಕರ್ ಡಿಸೆಂಬರ್ ಡಿಬೇಟ್‌ಗೆ ಬೇಕಾದ ಎರಡು ಲಕ್ಷ ದಾನಿಗಳನ್ನು ಗಳಿಸಿದ್ದರು. ಐದು, ಹತ್ತು ಡಾಲರ್ ಕಳಿಸಿದವರೂ ಅದರಲ್ಲಿದ್ದರು. ಅವರಲ್ಲಿ ನಾನೂ ಒಬ್ಬಳು. ಸಮೀಕ್ಷೆಯ ಗೆರೆ ದಾಟಲಿಲ್ಲವೆಂದು ನೀವು ಅವರನ್ನು ಹೊರಗಿಟ್ಟಿರಿ. ನಿಯಮ ಸಡಿಲಿಸಿ ಎಂದು ಅವರು ಮುಂದಾಗಿ ಬರೆದ ಪತ್ರಕ್ಕೆ ಪ್ರತಿಸ್ಪರ್ಧಿಗಳೂ ಸಹಿ ಹಾಕಿದರು. ಒಬ್ಬ ಅಭ್ಯರ್ಥಿಗೆ ಅವಕಾಶ ಕೊಡಿ ಎಂದು ಎದುರಾಳಿಗಳೇ ಕೇಳುವುದು ರಾಜಕೀಯದಲ್ಲಿ ಎಷ್ಟು ಸಲ ನಡೆಯುತ್ತದೆ? ನೀವು ಒಪ್ಪಲಿಲ್ಲ. ಹ್ಯಾರಿಸ್ ಡಿಸೆಂಬರ್ 3ಕ್ಕೆ, ಹೂಲಿಯಾನ್ ಕಾಸ್ಟ್ರೊ ಜನವರಿ 2ಕ್ಕೆ, ಬೂಕರ್ ಜನವರಿ 13ಕ್ಕೆ ಕಣ ಬಿಟ್ಟರು. ಜನವರಿ 14ರಂದು ಅಯೋವಾದ ಡಿಮೊಯ್ನ್ ನಗರದ ವೇದಿಕೆಯಲ್ಲಿ ನಿಂತ ಆರು ಮಂದಿಯೂ ಬಿಳಿಯರು. ಕಪ್ಪು ಜನರ, ಲ್ಯಾಟಿನೊ ಜನರ, ನಮ್ಮಂಥ ವಲಸಿಗರ ಓಟಿನಿಂದ ನಿಂತಿರುವ ಪಕ್ಷದ ವೇದಿಕೆ ಅದು.

ಈಗ ನನ್ನ ಕಸುಬಿನ ಮಾತು ಹೇಳುತ್ತೇನೆ. ಒಂದು ಸಮೀಕ್ಷೆಯಲ್ಲಿ ನಾನೂರು ಮಂದಿಯನ್ನು ಕೇಳಿದ್ದಾರೆ ಎನ್ನಿ. ಹದಿನಾಲ್ಕು ಮಂದಿ ಒಬ್ಬ ಅಭ್ಯರ್ಥಿಯ ಹೆಸರು ಹೇಳಿದರೆ ಅದು ಶೇ. 3.5. ಪೂರ್ಣಾಂಕಕ್ಕೆ ತಂದರೆ 4, ಡಿಸೆಂಬರ್‌ನ ಗೆರೆಗೆ ಆ ಸಮೀಕ್ಷೆ ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ. ಹದಿಮೂರು ಮಂದಿ ಹೇಳಿದರೆ 3.25. ಪೂರ್ಣಾಂಕಕ್ಕೆ ತಂದರೆ 3, ಸೇರುವುದಿಲ್ಲ. ವಯಸ್ಸು, ವಿದ್ಯೆ, ಜನಾಂಗ ನೋಡಿ ತೂಕ ಹೊಂದಿಸುವ ಲೆಕ್ಕ ಬೇರೆ ಇದೆ, ಅದು ಸಾಮಾನ್ಯವಾಗಿ ಇನ್ನಷ್ಟು ಅನಿಶ್ಚಿತತೆ ಸೇರಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ನಾನೂರು ಮಂದಿಯ ಮಾದರಿಯಲ್ಲಿ ಶೇ. 4 ಎಂದು ಬಂದರೆ ನಿಜವಾದ ಸಂಖ್ಯೆ 2 ಇರಬಹುದು, 6 ಇರಬಹುದು. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸ ಹೇಳುವ ಶಕ್ತಿ ಆ ಅಳತೆಗೋಲಿಗೆ ಇಲ್ಲ. ನನ್ನ ಕೆಲಸದಲ್ಲಿ ಇಂಥ ಅಂತರ ಹಿಡಿದು ಒಂದು ಮಾತ್ರೆ ಇನ್ನೊಂದಕ್ಕಿಂತ ಮೇಲು ಎಂದು ಬರೆದಿದ್ದರೆ ಅದೇ ದಿನ ವರದಿ ವಾಪಸ್ ಬರುತ್ತಿತ್ತು. ನೀವು ಅದೇ ಅಂತರ ಹಿಡಿದು ಒಬ್ಬ ಸೆನೆಟರನ್ನು ಮನೆಗೆ ಕಳಿಸಿದಿರಿ.

ಆ ನಾನೂರು ಮಂದಿ ಸಿಗುವುದೂ ಈಗ ಸುಲಭವಲ್ಲ. ಪ್ಯೂ ಸಂಶೋಧನಾ ಕೇಂದ್ರದ ಟೆಲಿಫೋನ್ ಸಮೀಕ್ಷೆಗಳಿಗೆ 1997ರಲ್ಲಿ ನೂರಕ್ಕೆ 36 ಮಂದಿ ಉತ್ತರ ಕೊಡುತ್ತಿದ್ದರು. 2018ರಲ್ಲಿ ನೂರಕ್ಕೆ ಆರು ಮಂದಿ. ಅಪರಿಚಿತ ನಂಬರಿನಿಂದ ಕರೆ ಬಂದರೆ ನೀವೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಎತ್ತುವ ಆರು ಮಂದಿ ಎತ್ತದ ತೊಂಬತ್ತನಾಲ್ಕು ಮಂದಿಯ ಹಾಗೆಯೇ ಯೋಚಿಸುತ್ತಾರೆ ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿದೆ.

ನಮ್ಮ ಮನೆಯವರು ಒಮ್ಮೆ ಎತ್ತಿದರು. 2019ರ ವಸಂತ, ಸಂಜೆಯ ಕಾಫಿ ಹೊತ್ತು. ಆ ಕಡೆಯ ಹೆಣ್ಣುಮಗಳು ಒಂದೊಂದೇ ಹೆಸರು ಓದುತ್ತ ಹೋದಳು. ಇಪ್ಪತ್ತು ದಾಟಿದ ಪಟ್ಟಿ. ಇವರು ಲೋಟ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡು, ಕೊನೆಗೆ “ಬೈಡನ್” ಎಂದರು. ಫೋನಿಟ್ಟ ಮೇಲೆ ಕೇಳಿದೆ, ಯಾಕೆ ಅಂತ. “ಎಂಟು ವರ್ಷ ವೈಸ್ ಪ್ರೆಸಿಡೆಂಟ್ ಆಗಿದ್ರು, ಹೆಸರು ಗೊತ್ತಿತ್ತು. ಮಿಕ್ಕವರಲ್ಲಿ ಅರ್ಧ ಜನ ಯಾರು ಅಂತಾನೇ ಗೊತ್ತಿಲ್ಲ ಕಣೇ” ಎಂದರು. ಅವರ ಕಾಫಿ ಅಷ್ಟರಲ್ಲಿ ಆರಿತ್ತು. ಅಂಥ ನೂರಾರು ಉತ್ತರಗಳನ್ನು ಕೂಡಿಸಿ, ಭಾಗಿಸಿ, ‘ಡೆಮಾಕ್ರಟಿಕ್ ಮತದಾರರ ಒಲವು’ ಎಂದು ಹೆಸರಿಡಲಾಯಿತು. ಅವರು ಹೇಳಿದ್ದು ಒಲವಲ್ಲ, ಗುರುತು. ಚುನಾವಣೆಗೆ ಒಂದು ವರ್ಷ, ಎರಡು ವರ್ಷ ಇರುವಾಗಿನ ಸಮೀಕ್ಷೆಗಳು ಬಹುಪಾಲು ಅಳೆಯುವುದು ಈ ಗುರುತನ್ನೇ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂದು ನಮ್ಮ ಅಮ್ಮಂದಿರು ಹೇಳುತ್ತಾರೆ. ಸಮೀಕ್ಷಾ ಶಾಸ್ತ್ರದ ತಿರುಳೆಲ್ಲ ಆ ಮಾತಿನಲ್ಲಿದೆ. ಮೂವತ್ತು ವರ್ಷ ನಾನು ಅದನ್ನೇ ನಂಬಿ ಅನ್ನ ಉಂಡಿದ್ದೇನೆ. ಆದರೆ ಒಲೆಯ ಮೇಲಿಟ್ಟು, ನೀರು ಕುದಿದು, ಸೌಟು ಹಾಕಿ ತಿರುವಿದ ಮೇಲಿನ ಮಾತು ಅದು. ಒಲೆ ಹೊತ್ತಿಸುವ ಮುನ್ನ ಹಿಚುಕಿದರೆ ಕೈಗೆ ಸಿಗುವುದು ಅಕ್ಕಿ. ಡಿಬೇಟ್ ಎನ್ನುವುದು ಆ ಒಲೆ. ಬೇಯುವ ಮುನ್ನವೇ ಬೆಂದಿಲ್ಲ ಎಂದು ಅಕ್ಕಿಯನ್ನು ಚೆಲ್ಲಿದಿರಿ ಎಂಬುದು ನನ್ನ ದೂರು.

ಹಿಂದಿನ ವರ್ಷಗಳನ್ನು ನೆನಪಿಸುತ್ತೇನೆ, ಈ ಚರಿತ್ರೆ ನನಗಿಂತ ನಿಮಗೇ ಹೆಚ್ಚು ಗೊತ್ತು. 1976ರ ಆರಂಭದಲ್ಲೂ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಜಿಮ್ಮಿ ಕಾರ್ಟರ್ ಒಂದಂಕಿ ದಾಟಿರಲಿಲ್ಲ. ‘ಯಾವ ಜಿಮ್ಮಿ?’ ಎಂದು ಕೇಳುತ್ತಿದ್ದ ಕಾಲ. ಅವರು ಅಯೋವಾದ ಮನೆಮನೆಗೆ ಹೋಗಿ ತಮ್ಮನ್ನು ಪರಿಚಯಿಸಿಕೊಂಡರು, ಅಧ್ಯಕ್ಷರಾದರು. 2007ರ ಕೊನೆಯಲ್ಲಿ ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಹಿಲರಿ ಕ್ಲಿಂಟನ್ ಬಹಳ ಮುಂದಿದ್ದರು. 2008ರ ಜನವರಿ 3ರಂದು ಅಯೋವಾದಲ್ಲಿ ಬರಾಕ್ ಒಬಾಮ ಗೆದ್ದರು, ಹಿಲರಿ ಮೂರನೆಯವರಾದರು. ಐದು ದಿನ ಬಿಟ್ಟು ನ್ಯೂಹ್ಯಾಂಪ್‌ಶೈರ್‌ನಲ್ಲಿ ಒಬಾಮ ಗೆಲ್ಲುತ್ತಾರೆ ಎಂದು ಸಮೀಕ್ಷೆಗಳು ಹೇಳಿದವು, ಹಿಲರಿ ಗೆದ್ದರು. ಅದೇ ವರ್ಷ ರಿಪಬ್ಲಿಕನ್ನರ ಕಡೆ 2007ರ ಬಹುಪಾಲು ಕಾಲ ಮುಂದಿದ್ದ ರೂಡಿ ಜೂಲಿಯಾನಿ ಅವರಿಗೆ ಕೊನೆಗೆ ಒಬ್ಬ ಡೆಲಿಗೇಟ್ ಕೂಡ ದಕ್ಕಲಿಲ್ಲ. 2016ರ ಮಾರ್ಚ್‌ನಲ್ಲಿ ಮಿಷಿಗನ್ ಸಮೀಕ್ಷೆಗಳು ಹಿಲರಿಗೆ ಸರಾಸರಿ ಇಪ್ಪತ್ತು ಶೇಕಡಾ ಅಂಶಗಳಷ್ಟು ಮುನ್ನಡೆ ಕೊಟ್ಟಿದ್ದವು. ಗೆದ್ದವರು ಬರ್ನಿ ಸ್ಯಾಂಡರ್ಸ್.

ಸಮೀಕ್ಷೆಗಳು ಯಾವಾಗಲೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. 2015ರ ಬೇಸಿಗೆಯಿಂದಲೇ ಡೊನಾಲ್ಡ್ ಟ್ರಂಪ್ ಮುಂದಿದ್ದಾರೆ ಎಂದು ಅವು ಹೇಳಿದವು, ಪಂಡಿತರು ನಂಬಲಿಲ್ಲ, ಸಮೀಕ್ಷೆ ಸರಿಯಾಯಿತು. 2019ರ ಬಹುಪಾಲು ಮುಂದಿದ್ದ ಬೈಡನ್ ಅವರೇ ಅಭ್ಯರ್ಥಿಯಾದರು. ಆದರೂ ಅವರ ದಾರಿ ನೋಡಿ: ಅಯೋವಾದಲ್ಲಿ ನಾಲ್ಕನೆಯವರು, ನ್ಯೂಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಅವರ ಕಥೆ ಮುಗಿಯಿತು ಎಂದು ಎಲ್ಲರೂ ಬರೆದಾಯಿತು. ಫೆಬ್ರವರಿ 29ರಂದು ಸೌತ್ ಕ್ಯಾರೊಲಿನಾದ ಜನ, ಮುಖ್ಯವಾಗಿ ಅಲ್ಲಿನ ಕಪ್ಪು ಮತದಾರರು, ಸಾಲು ನಿಂತು ಅವರನ್ನು ಎತ್ತಿ ನಿಲ್ಲಿಸಿದರು. ಬೈಡನ್ ಅವರಿಗೆ ಸಿಕ್ಕ ಆ ಎರಡನೆಯ ಅವಕಾಶ, ಮತದಾರರು ಬರುವವರೆಗೂ ಕಾಯುವ ಅವಕಾಶ, ಬೂಕರ್ ಮತ್ತು ಕಾಸ್ಟ್ರೊ ಅವರಿಗೆ ಸಿಗಲಿಲ್ಲ.

ಸಮೀಕ್ಷೆಗೆ ಹಣದ ಜೊತೆ ಇರುವ ನಂಟನ್ನೂ ನೀವು ನೋಡಬೇಕು. ಕರ್ನಾಟಕದವರಿಗೆ ಪರಿಚಿತ ಹೆಸರೊಂದಿದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಇಂದು ಮಿಷಿಗನ್‌ನಿಂದ ನಿಮ್ಮ ಪಕ್ಷದ ಸಂಸದರು. 2018ರಲ್ಲಿ ಅವರು ಆ ರಾಜ್ಯದ ಗವರ್ನರ್ ಹುದ್ದೆಯ ಪ್ರೈಮರಿಗೆ ನಿಂತಾಗ ಸ್ವಂತ ಹಣ ಹಾಕಿ ಟಿವಿ ಜಾಹೀರಾತು ಕೊಟ್ಟರು. ಆರಂಭದ ಕೆಲವು ಸಮೀಕ್ಷೆಗಳಲ್ಲಿ ಮೊದಲನೆಯವರಾಗಿ ಬಂದರು. ಆಗಸ್ಟ್‌ನಲ್ಲಿ ಜನ ಮತ ಹಾಕಿದಾಗ ಮೂರನೆಯವರಾದರು. ಗ್ರೆಚೆನ್ ವಿಟ್ಮರ್ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಇದು ಥಾಣೇದಾರ್ ಅವರ ಮೇಲಿನ ಆಕ್ಷೇಪವಲ್ಲ. ಆ ಆರಂಭಿಕ ಸಮೀಕ್ಷೆ ಅಳೆದದ್ದು ಜಾಹೀರಾತನ್ನು ಎಂಬುದಕ್ಕೆ ಅವರ ಅನುಭವವೇ ಸಾಕ್ಷಿ.

ಎರಡು ವರ್ಷ ಬಿಟ್ಟು ಅದೇ ಪಾಠ ದೇಶದ ಮಟ್ಟದಲ್ಲಿ ನಡೆಯಿತು. ಮೈಕಲ್ ಬ್ಲೂಮ್‌ಬರ್ಗ್ ಯಾರಿಂದಲೂ ದೇಣಿಗೆ ಪಡೆಯದೆ ಕೋಟ್ಯಂತರ ಡಾಲರ್ ಜಾಹೀರಾತಿಗೆ ಸುರಿದರು, ಸಮೀಕ್ಷೆಯಲ್ಲಿ ಮೇಲೇರಿದರು. 2020ರ ಜನವರಿ ಕೊನೆಯಲ್ಲಿ ನೀವು ದಾನಿಗಳ ಷರತ್ತನ್ನೇ ಕೈಬಿಟ್ಟಿರಿ. ಅವರು ನೆವಾಡ ಡಿಬೇಟ್ ವೇದಿಕೆ ಹತ್ತಿದರು. ಎರಡು ಲಕ್ಷ ಜನರ ಚಿಲ್ಲರೆ ಹಣ ತಂದ ಬೂಕರ್ ಅವರಿಗಾಗಿ ಡಿಸೆಂಬರ್‌ನಲ್ಲಿ ಸಮೀಕ್ಷೆಯ ಷರತ್ತು ಬದಲಾಗಿರಲಿಲ್ಲ. ಮಾರ್ಚ್ 3ರಂದು ಬ್ಲೂಮ್‌ಬರ್ಗ್ ಗೆದ್ದದ್ದು ಅಮೆರಿಕನ್ ಸಮೋವಾ ಎಂಬ ದ್ವೀಪಪ್ರದೇಶವೊಂದನ್ನು ಮಾತ್ರ. ಮರುದಿನ ಕಣ ಬಿಟ್ಟರು. ನನ್ನಂಥವರು ಆ ವಾರ ಅನುಭವಿಸಿದ್ದು ಅವಮಾನ. ಆ ಪದವನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಸಮೀಕ್ಷೆ ಮಾಡುವವರಲ್ಲಿ ಪ್ರಾಮಾಣಿಕರು ಬಹಳ ಮಂದಿ ಇದ್ದಾರೆ. ತಮ್ಮ ಅಳತೆಗೋಲಿನ ಮಿತಿ ಅವರಿಗೆ ಗೊತ್ತು. 2015ರಲ್ಲಿ ರಿಪಬ್ಲಿಕನ್ನರ ಮೊದಲ ಡಿಬೇಟ್‌ಗೆ ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿಯಲ್ಲಿ ಮೊದಲ ಹತ್ತು ಮಂದಿಯನ್ನಷ್ಟೇ ಕರೆದಾಗ, ನಮ್ಮ ಅಂಕಿಗಳನ್ನು ಈ ಕೆಲಸಕ್ಕೆ ಬಳಸಬಾರದು ಎಂದು ಮಾರಿಸ್ಟ್ ಕಾಲೇಜಿನ ಸಮೀಕ್ಷಾ ಸಂಸ್ಥೆ ಆ ಪ್ರೈಮರಿಯ ಸಮೀಕ್ಷೆಯನ್ನೇ ಸ್ವಲ್ಪ ಕಾಲ ನಿಲ್ಲಿಸಿತು. ಗ್ಯಾಲಪ್ ಸಂಸ್ಥೆ ಆ ಸಲದ ಪ್ರೈಮರಿಗಳಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಸಮೀಕ್ಷೆಯನ್ನು ಮಾಡಲೇ ಇಲ್ಲ. 2020ರ ಫೆಬ್ರವರಿ 1ರ ರಾತ್ರಿ ಅಯೋವಾದ ಪ್ರತಿಷ್ಠಿತ ‘ಡಿಮೊಯ್ನ್ ರಿಜಿಸ್ಟರ್’ ಪತ್ರಿಕೆಯ ಕೊನೆಯ ಸಮೀಕ್ಷೆ ಹೊರಬರಬೇಕಿತ್ತು. ಒಂದು ಕರೆಯಲ್ಲಿ ಬುಟಿಜೆಜ್ ಅವರ ಹೆಸರನ್ನೇ ಓದಿರಲಿಲ್ಲ ಎಂಬ ದೂರು ಬಂತು. ಕರೆ ಮಾಡುವವರೊಬ್ಬರು ತಮ್ಮ ಕಂಪ್ಯೂಟರ್ ಪರದೆಯಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡಿದ್ದರಿಂದ ಪಟ್ಟಿಯ ತುದಿಯ ಹೆಸರು ಕಾಣದೆ ಹೋಗಿರಬಹುದು ಎಂದು ಆಮೇಲೆ ವರದಿಯಾಯಿತು. ಪತ್ರಿಕೆಯವರು ಆ ರಾತ್ರಿಯೇ ಸಮೀಕ್ಷೆಯನ್ನು ತಡೆಹಿಡಿದರು. ಒಂದು ಪರದೆಯ ಅಕ್ಷರದ ಗಾತ್ರಕ್ಕೆ ಅವರು ಅಷ್ಟು ಹೆದರಿದರು, ಅದು ಅವರ ನಿಷ್ಠೆ. ಆ ನಿಷ್ಠೆಯ ಒಂದು ಪಾಲಾದರೂ ನಿಮ್ಮ ನಿಯಮದಲ್ಲಿ ಇರಬೇಕು ಎನ್ನುವುದು ಅತಿಯಾಸೆಯೇ?

ಒಂದು ವೇದಿಕೆಯಲ್ಲಿ ಇಪ್ಪತ್ತು ಮಂದಿ ಮಾತನಾಡುವುದು ಕಷ್ಟ ಎಂದು ನೀವು ಹೇಳುತ್ತೀರಿ. ಒಪ್ಪುತ್ತೇನೆ. ಎಲ್ಲರಿಗೂ ಅರ್ಧ ನಿಮಿಷ ಕೊಟ್ಟರೆ ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ. ಜರಡಿ ಬೇಕು, ನಿಜ. ಜರಡಿಯ ಕಣ್ಣು ಯಾವುದು ಎಂಬುದಷ್ಟೇ ಪ್ರಶ್ನೆ. ಅದಕ್ಕೆ ನನ್ನ ನಾಲ್ಕು ಕೋರಿಕೆಗಳು ಹೀಗಿವೆ.

ಮೊದಲನೆಯದು, ಆರಂಭದ ರಾಜ್ಯಗಳು ಮತ ಹಾಕುವವರೆಗೆ ರಾಷ್ಟ್ರೀಯ ಸಮೀಕ್ಷೆಯ ಅಂಕಿ ಹಿಡಿದು ಯಾರನ್ನೂ ಡಿಬೇಟ್‌ನಿಂದ ಹೊರಗಿಡಬೇಡಿ. ಸಂಖ್ಯೆ ಹೆಚ್ಚಾದರೆ ಮಯಾಮಿಯಲ್ಲಿ ಮಾಡಿದ ಹಾಗೆ ಗುಂಪು ಮಾಡಿ ಎರಡು ರಾತ್ರಿ, ಬೇಕಾದರೆ ಮೂರು ರಾತ್ರಿ ನಡೆಸಿ. ಮತ ಬಿದ್ದ ಮೇಲೆ ಬೇಕಾದಷ್ಟು ಜರಡಿ ಹಿಡಿಯಿರಿ, ಆಗ ಹಿಡಿಯುವ ಕೈ ಮತದಾರರದ್ದಾಗಿರುತ್ತದೆ.

ಎರಡನೆಯದು, ಅರ್ಹತೆಯನ್ನು ಜನರ ಕೆಲಸದಿಂದ ಅಳೆಯಿರಿ. ಹಲವು ರಾಜ್ಯಗಳಿಂದ ಬಂದ ಸಣ್ಣ ದೇಣಿಗೆ, ಆರಂಭದ ರಾಜ್ಯಗಳ ಮತದಾರರ ಸಹಿ, ಇವು ಒಬ್ಬ ಮನುಷ್ಯ ಎದ್ದು ಬಂದು ಮಾಡುವ ಕೆಲಸಗಳು. ಊಟದ ಹೊತ್ತಿನಲ್ಲಿ ಫೋನಿಗೆ ಕೊಟ್ಟ ಉತ್ತರಕ್ಕಿಂತ ಅವುಗಳ ತೂಕ ಹೆಚ್ಚು. ಇದರಲ್ಲೂ ಅಡ್ಡದಾರಿ ಉಂಟು. 2023ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಡಗ್ ಬರ್ಗಮ್ ಒಂದು ಡಾಲರ್ ಕೊಟ್ಟವರಿಗೆ ಇಪ್ಪತ್ತು ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟು 40,000 ದಾನಿಗಳ ಲೆಕ್ಕ ತುಂಬಿಸಿದರು. ಅಂಥದ್ದನ್ನು ತಡೆಯುವ ಒಂದು ಸಾಲು ನಿಯಮದಲ್ಲಿ ಸೇರಿಸಿ.

ಮೂರನೆಯದು, ನಿಯಮಗಳನ್ನು ಮೊದಲ ಡಿಬೇಟ್‌ಗೆ ಮುನ್ನವೇ ಪೂರ್ತಿಯಾಗಿ ಪ್ರಕಟಿಸಿ. ನಡುದಾರಿಯಲ್ಲಿ ಯಾರಿಗಾಗಿಯೂ ಏರಿಸಬೇಡಿ, ಯಾರಿಗಾಗಿಯೂ ಇಳಿಸಬೇಡಿ.

ನಾಲ್ಕನೆಯದು, ಡಿಬೇಟ್ ನಡೆಸುವ ಟಿವಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಎರಡು ಷರತ್ತು ಹಾಕಿ. ಸಮೀಕ್ಷೆಯಲ್ಲಿ ಮುಂದಿರುವವರನ್ನು ನಡುವೆ ನಿಲ್ಲಿಸಿ ಉಳಿದವರನ್ನು ಅಂಚಿಗೆ ತಳ್ಳಬಾರದು, ಚೀಟಿ ಎತ್ತಿ ಜಾಗ ಕೊಡಬೇಕು. ಸಮೀಕ್ಷೆ ತೋರಿಸುವಾಗ ಇನ್ನೂ ನಿರ್ಧರಿಸದವರು ಎಷ್ಟು, ಅಭ್ಯರ್ಥಿಯ ಹೆಸರನ್ನೇ ಕೇಳಿರದವರು ಎಷ್ಟು ಎಂಬುದನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕು.

2024ರಲ್ಲಿ ಗಂಭೀರ ಪೈಪೋಟಿಯಿಲ್ಲದ ಪ್ರೈಮರಿ ನಡೆಸಿದಿರಿ, ಜುಲೈ 21ರಂದು ಬೈಡನ್ ಹಿಂದೆ ಸರಿದ ಮೇಲೆ ಡೆಲಿಗೇಟ್‌ಗಳೇ ಹ್ಯಾರಿಸ್ ಅವರನ್ನು ಅಭ್ಯರ್ಥಿ ಮಾಡಿದರು. ಸಮಯವಿರಲಿಲ್ಲ, ಬೇರೆ ದಾರಿ ಇರಲಿಲ್ಲ ಎಂದು ನಾನೂ ಒಪ್ಪಿದೆ. ಆದರೆ ಒಂದು ಇಡೀ ಸುತ್ತು ಬಿ ಫಾರಂ ನಮ್ಮ ಕೈಗೆ ಬರಲಿಲ್ಲ ಎಂಬುದನ್ನು ಮರೆಯಬೇಡಿ. 2028ರಲ್ಲಾದರೂ ಅದು ಬರಲೇಬೇಕು.

ಕೊನೆಯದಾಗಿ ಈ ದೇಶದಲ್ಲಿ ಓಟಿರುವ ನನ್ನ ಕನ್ನಡದ ಬಂಧುಗಳಿಗೆ ಒಂದು ಮಾತು. ಮುಂದಿನ ರಾಜ್ಯೋತ್ಸವದ ಊಟದ ಮೇಜಿನಲ್ಲಿ ಯಾರಿಗೆ ಎಷ್ಟು ಪರ್ಸೆಂಟು ಎಂದು ಯಾರಾದರೂ ಕೇಳಿದರೆ, ಆ ಅಭ್ಯರ್ಥಿಗಳು ಗ್ರೀನ್ ಕಾರ್ಡ್ ಬಗ್ಗೆ ಏನು ಹೇಳಿದ್ದಾರೆ ಎಂದು ತಿರುಗಿ ಕೇಳಿ. ನಿಮ್ಮ ಮನೆಗೆ ಸಮೀಕ್ಷೆಯ ಕರೆ ಬಂದರೆ ದಯವಿಟ್ಟು ಎತ್ತಿ. ಅಭ್ಯರ್ಥಿಗಳನ್ನು ಇನ್ನೂ ಕೇಳಿಲ್ಲವಾದರೆ, ಗೊತ್ತಿರುವ ಹೆಸರೊಂದನ್ನು ಹೇಳಿ ಫೋನಿಡಬೇಡಿ. “ಇನ್ನೂ ತೀರ್ಮಾನ ಮಾಡಿಲ್ಲ, ಎಲ್ಲರ ಮಾತು ಕೇಳಿ ಆಮೇಲೆ ಹೇಳುತ್ತೇನೆ” ಎಂದು ಹೇಳಿ. ಅದು ನಿಜವಾದ ಉತ್ತರ, ಅದನ್ನು ಅವರು ಬರೆದುಕೊಳ್ಳಲೇಬೇಕು.

ಇಂತಿ,
ನಿಮ್ಮ ಪಕ್ಷದ ಒಬ್ಬ ಮತದಾರಳು,
ಎಡಿಸನ್, ನ್ಯೂಜೆರ್ಸಿ